ಗೋಧಿಯೊಳಗೆ ವಿಷ ಎಲ್ಲಿಂದ ಬಂತು?

ಕಳೆದ ತಿಂಗಳು ಅಳ್ನಾವರಕ್ಕೆ ಹೋಗಿದ್ದೆ. ಶಾಲೆಯೊಂದರಲ್ಲಿ ವಿಜ್ಞಾನ ವಸ್ತುಪ್ರದರ್ಶನ. ಅಡಿಗೆ ಸೋಡಾ ಉಕ್ಕಿಸುವ ಜ್ವಾಲಾಮುಖಿಗಳು ಎರಡು, ಮಳೆನೀರು ಕೊಯ್ಲಿನ ಮಾದರಿಗಳು ಮೂರು, ಥರ್ಮಾಕೋಲಿನ ಸೌರವ್ಯೂಹ ಒಂದು. ಎಲ್ಲವನ್ನೂ ನೋಡಿ, ನಾಲ್ಕು ಮಾತಾಡಿ, ಮಾಸ್ತರರು ಪ್ರೀತಿಯಿಂದ ಕೊಟ್ಟ ಗಿರಮಿಟ್ಟು-ಮಿರ್ಚಿ ತಿಂದು ಸ್ಟೇಷನ್ನಿಗೆ ಬಂದರೆ ಧಾರವಾಡದ ಕಡೆಗೆ ಹೋಗುವ ಗಾಡಿ ತಡ. ಬೆಂಚಿನ ಮೇಲೆ ಕೂತಿದ್ದೆ. ಒಬ್ಬ ತಂದೆ, ಜೊತೆಗೊಬ್ಬ ಪಿಯುಸಿ ಓದುವ ಮಗ ಹುಡುಕಿಕೊಂಡು ಬಂದರು.

ತಂದೆ ಮಾತಿಲ್ಲದೆ ಕೈಚೀಲವೊಂದನ್ನು ನನ್ನ ಪಕ್ಕಕ್ಕಿಟ್ಟರು. "ಇದರಾಗ ಏನೈತಿ ನೋಡ್ರಿ ಸರ."

ಮೂರು ಪೊಟ್ಟಣಗಳಿದ್ದವು. ಒಂದರಲ್ಲಿ ತುಸು ಕಂದಿದ ಗೋಧಿ. ಇನ್ನೊಂದರಲ್ಲಿ ಕೋಳಿ ಆಹಾರದಂಥ ಹಸಿರು ತುಣುಕುಗಳು. ಮೂಗಿಗೆ ಹಿಡಿದರೆ ಕಿತ್ತಳೆ ಸಿಪ್ಪೆ ಮತ್ತು ಹಸಿ ಹುಲ್ಲು ಎರಡೂ ಸೇರಿದಂಥ ವಾಸನೆ. ಮೂರನೆಯದು ಬೆಳ್ಳಿ ಬಣ್ಣದ ಚಿಕ್ಕ ಚೀಟಿ. ಜೊತೆಗೆ ಮಡಚಿದ ಒಂದು ಹಾಳೆ. ಬಿಡಿಸಿ ನೋಡಿದರೆ ಅದು ಹಾಪ್ಸ್ ಹೆಚ್ಚು ಹಾಕಿದ ಗೋಧಿ ಬಿಯರನ್ನು ಮನೆಯಲ್ಲೇ ತಯಾರಿಸುವ ವಿಧಾನ! ಬೆಂಗಳೂರಿನಲ್ಲಿರುವ ಸಂಬಂಧಿಕ ಹುಡುಗನೊಬ್ಬ ಕೊಟ್ಟದ್ದಂತೆ. ರಸಾಯನಶಾಸ್ತ್ರದ ಪುಸ್ತಕದ ಕೆಳಗೆ ಟ್ರಂಕಿನಲ್ಲಿ ಸಿಕ್ಕಿದೆ.

ಆ ತಂದೆ ಮಗನನ್ನು ಹೊಡೆಯಲಿಲ್ಲ. ಎರಡು ದಿನ ಊಟ ಬಿಟ್ಟರು. ಕಾರಣವಿತ್ತು. ಅವರ ತಮ್ಮ ಕುಡಿದು ಕುಡಿದು ಯಕೃತ್ತು ಕೆಟ್ಟು ಎರಡು ವರ್ಷದ ಹಿಂದೆ ತೀರಿಕೊಂಡಿದ್ದರು. ಆಗ ವಯಸ್ಸು ಇನ್ನೂ ನಲವತ್ತೆರಡು. ಆ ಕಾಕಾನ ಚಟ್ಟಕ್ಕೆ ಇದೇ ಹುಡುಗ ಹೆಗಲು ಕೊಟ್ಟಿದ್ದ. "ಅದೆಲ್ಲಾ ನೋಡಿದ ಹುಡುಗ ಇದನ್ನ ತಂದಾನಂದ್ರ ನಾ ಏನ್ ತಿಳೀಬೇಕ್ರಿ? ನೀವರ ಬುದ್ಧಿ ಹೇಳ್ರಿ" ಎಂದರು.

ಹುಡುಗ ನೆಲ ನೋಡುತ್ತಲೇ ಹೇಳಿದ: "ನಾ ಕುಡಿಯಾಕ ತಂದಿಲ್ರಿ ಸರ. ನಾವು ದಿನಾ ಉಣ್ಣೂ ಗೋಧಿರಿ ಅದು. ಅದರೊಳಗ ವಿಷ ಎಲ್ಲಿಂದ ಬರತೈತಿ, ಅದು ನೋಡಬೇಕಾಗಿತ್ರಿ."

ಮೂವತ್ತು ವರ್ಷ ಪಾಠ ಹೇಳಿದವನು ನಾನು. ಇಷ್ಟು ನೇರವಾದ ಪ್ರಶ್ನೆ ನನ್ನ ತರಗತಿಯಲ್ಲಿ ಬಂದದ್ದು ನೆನಪಿಲ್ಲ. ಉತ್ತರ ಶುರು ಮಾಡುವಷ್ಟರಲ್ಲಿ ಗಾಡಿ ಬಂತು. "ಬರೆದು ತಿಳಿಸುತ್ತೇನೆ" ಎಂದು ಹತ್ತಿಕೊಂಡೆ. ಆದ್ದರಿಂದ ಈ ವಾರದ ಅಂಕಣ ಆ ತಂದೆ-ಮಗನಿಗೆ. ಮೂರು ಪೊಟ್ಟಣಗಳನ್ನು ಒಂದೊಂದಾಗಿ ಬಿಚ್ಚೋಣ. ಉಳಿದವರೂ ಪಕ್ಕದಲ್ಲಿ ಕೂತು ಓದಬಹುದು.

ಮೊದಲನೆಯ ಪೊಟ್ಟಣ ಗೋಧಿಯದು. ಅಳ್ನಾವರದ ಸುತ್ತ ಮಳೆ ಹೆಚ್ಚು, ಅಲ್ಲಿ ಭತ್ತದ್ದೇ ರಾಜ್ಯ. ಗೋಧಿ ನೋಡಬೇಕಾದರೆ ನಮ್ಮ ಜಿಲ್ಲೆಯ ಮೂಡಣ ದಿಕ್ಕಿಗೆ, ನವಲಗುಂದ-ಅಣ್ಣಿಗೇರಿಯ ಎರೆ ಹೊಲಗಳಿಗೆ ಹೋಗಬೇಕು. ಅಲ್ಲೊಂದು ವಿಶೇಷವಿದೆ. ನಾವು ಜವೆ ಗೋಧಿ, ಸದಕ ಎಂದೆಲ್ಲ ಕರೆಯುವ, ಮಾದಲಿಗೆ, ಹುಗ್ಗಿಗೆ, ಶಾವಿಗೆಗೆ ಹೇಳಿ ಮಾಡಿಸಿದ ಆ ಕೆಂಪು ಗೋಧಿ ಜಗತ್ತಿನ ಅತಿ ಹಳೆಯ ಬೆಳೆಗಳಲ್ಲೊಂದು. ಹೊಟ್ಟು ಕಾಳನ್ನು ಬಿಗಿಯಾಗಿ ಅಪ್ಪಿಕೊಂಡಿರುತ್ತದೆ, ಒಕ್ಕಿದರೂ ಬಿಡುವುದಿಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಇದರಲ್ಲಿ ಡಿಡಿಕೆ 1025, ಡಿಡಿಕೆ 1029 ಮುಂತಾದ ಗಿಡ್ಡ ತಳಿಗಳನ್ನು ರೂಪಿಸಿದೆ. ಪ್ರಾಚೀನ ಈಜಿಪ್ಟಿನವರ ರೊಟ್ಟಿ ಇದೇ ಜಾತಿಯ ಗೋಧಿಯದು. ಅವರ ಬಿಯರ್ ಕೂಡ ಇದರದ್ದು ಮತ್ತು ಬಾರ್ಲಿಯದು. ಗೋರಿಗಳಲ್ಲಿ ಸಿಕ್ಕ ಮಡಕೆಗಳ ಒಣ ಗಸಿಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿ, ಮೊಳಕೆ ಬಂದ ಕಾಳಿನ ಪಿಷ್ಟದ ಕಣಗಳನ್ನು ಗುರುತಿಸಿದ ಸಂಶೋಧನೆ 1996ರಲ್ಲಿ ಪ್ರಕಟವಾಯಿತು. ಅಂದರೆ ಪಿರಮಿಡ್ಡಿನ ನಾಡಿನ ಕೂಲಿಕಾರನ ಮಡಕೆಗೂ ನಮ್ಮ ಜಾತ್ರೆಯ ಹುಗ್ಗಿಯ ಕೊಪ್ಪರಿಗೆಗೂ ಕಾಳು ಒಂದೇ.

ಪೊಟ್ಟಣದಲ್ಲಿದ್ದ ಗೋಧಿ ಮೊಳಕೆ ಬರಿಸಿ ಒಣಗಿಸಿದ್ದು. ಇದಕ್ಕೆ ಮಾಲ್ಟ್ ಎನ್ನುತ್ತಾರೆ. ಹೆಸರು ಹೊಸದೆನಿಸಿದರೂ ಕೆಲಸ ನಮ್ಮ ಅಜ್ಜಿಯರಿಗೆ ಗೊತ್ತಿದ್ದದ್ದೇ. ಕೂಸಿಗೆ ಆರು ತಿಂಗಳಾಗುತ್ತಲೇ ರಾಗಿಯನ್ನೋ ಗೋಧಿಯನ್ನೋ ನೆನೆಹಾಕಿ, ಅರಿವೆಯಲ್ಲಿ ಕಟ್ಟಿ, ಮೊಳಕೆ ಒಡೆದ ಮೇಲೆ ಒಣಗಿಸಿ, ಹದವಾಗಿ ಹುರಿದು ಬೀಸುತ್ತಿದ್ದರಲ್ಲ, ಅದೇ. ಮೈಸೂರಿನ ಸಿಎಫ್‌ಟಿಆರ್‌ಐ ಸಂಸ್ಥೆಯ ವಿಜ್ಞಾನಿಗಳು ಮಕ್ಕಳ ಆಹಾರಕ್ಕಾಗಿ ಇದೇ ಮೊಳಕೆ ಹಿಟ್ಟಿನ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ.

ಮೊಳಕೆ ಯಾಕೆ? ಕಾಳಿನೊಳಗೆ ಪಿಷ್ಟ ಎಂಬ ಗಂಟು ಇದೆ. ಹುಟ್ಟಲಿರುವ ಸಸಿಗೆ ತಾಯಿ ಕಟ್ಟಿಕೊಟ್ಟ ಬುತ್ತಿ ಅದು. ಆದರೆ ಸಸಿ ಪಿಷ್ಟವನ್ನು ಹಾಗೇ ತಿನ್ನಲಾರದು. ಅದಕ್ಕೆ ಬೇಕಾದದ್ದು ಸಕ್ಕರೆ. ಕಾಳು ನೆನೆದು ಎಚ್ಚರಗೊಂಡಾಗ ಅಮೈಲೇಸ್ ಎಂಬ ಕಿಣ್ವ ತಯಾರಾಗಿ ಪಿಷ್ಟದ ಉದ್ದನೆಯ ಸರಪಳಿಯನ್ನು ಕತ್ತರಿಸಿ ಸಕ್ಕರೆಯ ಕೊಂಡಿಗಳನ್ನಾಗಿ ಮಾಡುತ್ತದೆ. ಸಸಿ ಆ ಬುತ್ತಿಯನ್ನು ಉಂಡು ಮುಗಿಸುವ ಮೊದಲೇ ಒಣಗಿಸಿಬಿಟ್ಟರೆ ಕತ್ತರಿಯೂ ನಮಗೆ, ಬುತ್ತಿಯೂ ನಮಗೆ!

ವಿದ್ಯಾರ್ಥಿಗಳು ಇದನ್ನು ಮನೆಯಲ್ಲೇ ನೋಡಬಹುದು. ಒಂದು ಲೋಟ ಮೊಳಕೆ ಗೋಧಿಯನ್ನು ತರಿತರಿಯಾಗಿ ಬೀಸಿಕೊಳ್ಳಿ. ಎರಡು ಲೋಟ ಕುದಿಯುವ ನೀರಿಗೆ ಒಂದು ಲೋಟ ತಣ್ಣೀರು ಬೆರೆಸಿ, ಅದರಲ್ಲಿ ಆ ತರಿಯನ್ನು ಕಲಸಿ. ಉಷ್ಣತೆ ಸುಮಾರು 65 ಡಿಗ್ರಿಯ ಆಸುಪಾಸಿಗೆ ಬರುತ್ತದೆ. ತೀರಾ ಬಿಸಿಯಾದರೆ ಕಿಣ್ವ ಸಾಯುತ್ತದೆ, ತಣ್ಣಗಾದರೆ ಮೈಗಳ್ಳನಾಗುತ್ತದೆ. ಕೂಡಲೇ ಒಂದು ಚಮಚ ತಿಳಿಯನ್ನು ಸೋಸಿ ತಟ್ಟೆಯ ಮೇಲೆ ಹಾಕಿ ಒಂದು ಹನಿ ಅಯೋಡಿನ್ ಬಿಡಿ. ನೀಲಿಗಪ್ಪು ಬಣ್ಣ ಬಂದರೆ ಪಿಷ್ಟ ಇದೆ ಎಂದರ್ಥ. ಪಾತ್ರೆ ಮುಚ್ಚಿ, ಕಂಬಳಿ ಹೊದಿಸಿ ಒಂದು ಗಂಟೆ ಬಿಟ್ಟು ಮತ್ತೊಮ್ಮೆ ನೋಡಿ. ನೀಲಿ ಕಳೆಗುಂದಿ ಅಯೋಡಿನ್ನಿನ ಕಂದು ಬಣ್ಣವೇ ಉಳಿಯುತ್ತ ಬರುತ್ತದೆ. ಅಯೋಡಿನ್ ಬಿದ್ದದ್ದನ್ನು ಚೆಲ್ಲಿಬಿಡಿ. ಪಾತ್ರೆಯಲ್ಲಿ ಉಳಿದದ್ದನ್ನು ಸೋಸಿ ಬಾಯಿಗಿಟ್ಟು ನೋಡಿ, ಸಿಹಿ! ಒಂದು ಕಾಳು ಸಕ್ಕರೆ ಹಾಕದೆ ಬಂದ ಸಿಹಿ.

ಬಿಯರ್ ಮಾಡುವವರು ಆರಂಭಿಸುವುದು ಈ ಸಿಹಿ ನೀರಿನಿಂದಲೇ. ಜರ್ಮನಿಯ ಗೋಧಿ ಬಿಯರಿನಲ್ಲಿ ಕನಿಷ್ಠ ಅರ್ಧ ಪಾಲು ಗೋಧಿಯ ಮಾಲ್ಟ್ ಇರಲೇಬೇಕು, ಉಳಿದದ್ದು ಬಾರ್ಲಿಯದು. ಬಾರ್ಲಿ ಯಾಕೆಂದರೆ ಮಾಮೂಲಿ ಗೋಧಿಗೆ ಹೊಟ್ಟಿಲ್ಲ. ಬಾರ್ಲಿಯ ಹೊಟ್ಟು ತಳದಲ್ಲಿ ಕೂತು ಜರಡಿಯ ಕೆಲಸ ಮಾಡುತ್ತದೆ. ಗೋಧಿಯ ಪ್ರೋಟೀನು ಆ ಪಾನೀಯಕ್ಕೆ ಮಬ್ಬು ಬಣ್ಣವನ್ನೂ ದಪ್ಪ ನೊರೆಯನ್ನೂ ಕೊಡುತ್ತದೆ.

ಹುಡುಗಾ, ಇಲ್ಲಿಯವರೆಗೆ ವಿಷ ಬಂದಿಲ್ಲ. ಇದು ಕೂಸಿನ ಗಂಜಿ.

ಎರಡನೆಯ ಪೊಟ್ಟಣ ಹಾಪ್ಸ್. ತಂದೆಗೆ ಹೆಚ್ಚು ಭಯ ಹುಟ್ಟಿಸಿದ್ದು ಇದೇ ಎಂದು ಕಾಣುತ್ತದೆ; ವಾಸನೆ ಹಾಗಿತ್ತು. ಇದು ಬಳ್ಳಿಯೊಂದರ ಹೂವು. ಸಸ್ಯಶಾಸ್ತ್ರದ ಪ್ರಕಾರ ಭಂಗಿಗಿಡದ ದಾಯಾದಿ, ಒಂದೇ ಕುಟುಂಬ. ಆದರೆ ಭಂಗಿಯ ಅಮಲು ಇದರಲ್ಲಿಲ್ಲ. ಅಣ್ಣತಮ್ಮಂದಿರೆಲ್ಲ ಒಂದೇ ಸ್ವಭಾವದವರಾಗಿರಬೇಕೆಂದು ಎಲ್ಲಿದೆ? ಬೇಸಿಗೆಯಲ್ಲಿ ಹಗಲು ತುಂಬ ಉದ್ದವಿರುವ ತಂಪು ನಾಡುಗಳಲ್ಲಿ ಈ ಬಳ್ಳಿ ಚೆನ್ನಾಗಿ ಬೆಳೆಯುತ್ತದೆ. ನಮ್ಮ ದೇಶದಲ್ಲಿ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಬೆಳೆದಿದ್ದಾರೆ.

ಹಾಪ್ಸಿನ ಕೆಲಸ ಎರಡು. ಸಿಹಿ ನೀರಿನೊಡನೆ ಒಂದು ಗಂಟೆ ಕುದಿಸಿದರೆ ಅದರ ಆಮ್ಲಗಳು ರೂಪ ಬದಲಿಸಿ ಕಹಿಯಾಗುತ್ತವೆ. ಆ ಕಹಿ ಹುಳಿ ಬರಿಸುವ ಹಲವು ಬ್ಯಾಕ್ಟೀರಿಯಾಗಳಿಗೆ ಆಗದು. ಹಾಗಾಗಿ ಪಾನೀಯ ಕೆಡದೆ ಉಳಿಯುತ್ತದೆ. ಇನ್ನು ಪರಿಮಳ. ಅದು ಹಬೆಯೊಡನೆ ಹಾರಿಹೋಗುವ ತೈಲಗಳದ್ದು, ಆದ್ದರಿಂದ ಪರಿಮಳಕ್ಕಾಗಿ ಹಾಕುವ ಹಾಪ್ಸನ್ನು ಒಲೆ ಆರಿಸುವ ಹೊತ್ತಿಗೆ ಅಥವಾ ತಣಿದ ಮೇಲೆ ಹಾಕುತ್ತಾರೆ. ನಿಮ್ಮ ತಾಯಿ ಸಾರಿಗೆ ಮೆಂತ್ಯೆಯನ್ನು ಮೊದಲೇ ಹುರಿದು ಹಾಕಿ, ಕೊತ್ತಂಬರಿ ಸೊಪ್ಪನ್ನು ಇಳಿಸುವ ಮುನ್ನ ಉದುರಿಸುತ್ತಾರಲ್ಲ, ಅದೇ ರಸಾಯನಶಾಸ್ತ್ರ. ಸಾಮಾನ್ಯವಾಗಿ ಗೋಧಿ ಬಿಯರಿಗೆ ಹಾಪ್ಸ್ ಕಡಿಮೆ. ಹೆಚ್ಚು ಹಾಕುವ ರೂಢಿ ಈಚಿನದು.

ಇಲ್ಲಿಗೂ ವಿಷ ಬಂದಿಲ್ಲ. ಇದೊಂದು ಕಹಿ ಕಷಾಯ, ಅಷ್ಟೆ.

ಉಳಿದದ್ದು ಬೆಳ್ಳಿ ಚೀಟಿ. ಅದರಲ್ಲಿ ಯೀಸ್ಟ್ ಇದೆ. ಕೋಟಿಗಟ್ಟಲೆ ಏಕಕೋಶ ಜೀವಿಗಳು ಒಣಗಿ ನಿದ್ದೆ ಮಾಡುತ್ತಿವೆ. ಸಿಹಿ ನೀರು ಸಿಕ್ಕರೆ ಏಳುತ್ತವೆ, ಸಕ್ಕರೆ ತಿನ್ನುತ್ತವೆ. ಗಾಳಿ ಸಾಲದ ಕಡೆ ಅವು ಸಕ್ಕರೆಯನ್ನು ಪೂರ್ತಿ ಉರಿಸಲಾರವು, ಅರ್ಧಕ್ಕೆ ಬಿಡುತ್ತವೆ. ಲೆಕ್ಕ ಸರಳ: 180 ಗ್ರಾಂ ಗ್ಲೂಕೋಸ್ ಒಡೆದರೆ 92 ಗ್ರಾಂ ಮದ್ಯಸಾರ, 88 ಗ್ರಾಂ ಇಂಗಾಲದ ಡೈಆಕ್ಸೈಡ್. ಹುಡುಗನ ಪ್ರಶ್ನೆಗೆ ಉತ್ತರ ಇಲ್ಲಿದೆ. ವಿಷ ಗೋಧಿಯಲ್ಲಿರಲಿಲ್ಲ, ಹಾಪ್ಸಿನಲ್ಲಿರಲಿಲ್ಲ. ಅದು ಯೀಸ್ಟ್ ಹೊರಗೆ ಹಾಕಿದ ಕಸ. ಆ ಕಸ ಹೆಚ್ಚಾದಾಗ ಯೀಸ್ಟ್ ತಾನೇ ಅದರಲ್ಲಿ ಬಾಳಲಾರದೆ ನಿಂತುಹೋಗುತ್ತದೆ!

ಇದೆಲ್ಲ ಜೀವಿಗಳ ಕೆಲಸ ಎಂದು ತೋರಿಸಿಕೊಟ್ಟದ್ದೂ ಒಬ್ಬ ವಿದ್ಯಾರ್ಥಿ ಮತ್ತು ಅವನ ತಂದೆಯ ದೆಸೆಯಿಂದ ಎಂದರೆ ನಂಬುತ್ತೀರಾ? 1856ರಲ್ಲಿ ಫ್ರಾನ್ಸಿನ ಲಿಲ್ ಪಟ್ಟಣದಲ್ಲಿ ಲೂಯಿ ಪ್ಯಾಶ್ಚರ್ ಪ್ರಾಧ್ಯಾಪಕ. ಅವನ ತರಗತಿಯ ಹುಡುಗನೊಬ್ಬನ ತಂದೆ ಬಿಗೋ ಎಂಬಾತ ಬೀಟ್‌ರೂಟಿನಿಂದ ಮದ್ಯಸಾರ ತಯಾರಿಸುತ್ತಿದ್ದ. ಅವನ ಕಡಾಯಿಗಳಲ್ಲಿ ಕೆಲವು ಹುಳಿಯಾಗಿ ಕೆಡುತ್ತಿದ್ದವು. ಬಂದು ಪ್ಯಾಶ್ಚರನನ್ನು ಕೇಳಿದ. "ನಾನು ಶುದ್ಧ ರಸಾಯನಶಾಸ್ತ್ರಜ್ಞ, ನಿನ್ನ ಸಾರಾಯಿಯ ಗೊಡವೆ ನನಗೇಕೆ" ಎಂದು ಪ್ಯಾಶ್ಚರ್ ಕಳಿಸಿಬಿಡಲಿಲ್ಲ. ಕಾರ್ಖಾನೆಗೇ ಹೋಗಿ, ಸೂಕ್ಷ್ಮದರ್ಶಕದಲ್ಲಿ ನೋಡಿದ. ಒಳ್ಳೆಯ ಕಡಾಯಿಯಲ್ಲಿ ದುಂಡಗಿನ ಕಣಗಳು, ಕೆಟ್ಟದ್ದರಲ್ಲಿ ಬೇರೆಯೇ ಉದ್ದನೆಯ ಆಕೃತಿಗಳು. ಆ ಹಾದಿಯಲ್ಲೇ ಮುಂದೆ ಪ್ಯಾಶ್ಚರೀಕರಣ ಬಂತು, ರೋಗಾಣು ಸಿದ್ಧಾಂತ ಬಲಗೊಂಡಿತು. ಇಂದು ನೀವು ಕುಡಿಯುವ ಪ್ಯಾಕೆಟ್ ಹಾಲಿನ ಹಿಂದೆ ಒಬ್ಬ ಅಪ್ಪನ ಹುಳಿಬಂದ ಕಡಾಯಿ ಇದೆ.

ನಿಮ್ಮ ಪಠ್ಯಪುಸ್ತಕದಲ್ಲಿ ಇಂಥ ಕಡಾಯಿಗಳು ಇನ್ನೂ ಇವೆ, ಯಾರೂ ಹೇಳಿರುವುದಿಲ್ಲ. ಆಮ್ಲ-ಪ್ರತ್ಯಾಮ್ಲದ ಪಾಠದಲ್ಲಿ ಬರುವ ಪಿಎಚ್ ಮಾನವನ್ನು 1909ರಲ್ಲಿ ಕೊಟ್ಟವನು ಸೋರೆನ್‌ಸೆನ್. ಅವನಿದ್ದದ್ದು ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯ ಪ್ರಯೋಗಾಲಯದಲ್ಲಿ. ಶಕ್ತಿಯ ಮೂಲಮಾನಕ್ಕೆ ಹೆಸರಾದ ಜೂಲ್ ಇಂಗ್ಲೆಂಡಿನ ಸಾಲ್ಫರ್ಡಿನ ಬಿಯರ್ ತಯಾರಕನ ಮಗ. ಸಂಖ್ಯಾಶಾಸ್ತ್ರದ ಟಿ-ಪರೀಕ್ಷೆ ಡಬ್ಲಿನ್ನಿನ ಗಿನ್ನೆಸ್ ಕಂಪನಿಯ ನೌಕರ ಗಾಸೆಟ್‌ನದು. 1908ರಲ್ಲಿ ಅದನ್ನು "ಸ್ಟೂಡೆಂಟ್", ಅಂದರೆ ವಿದ್ಯಾರ್ಥಿ ಎಂಬ ಗುಪ್ತನಾಮದಲ್ಲಿ ಪ್ರಕಟಿಸಿದ. ಅಷ್ಟೇಕೆ, ಈಗ ಹತ್ತು ಸಲ ಬಳಸಿದೆನಲ್ಲ, ಕಿಣ್ವ ಎಂಬ ಶಬ್ದ, ಅದು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರೆಗೆ ಹಾಕುವ ಹುದುಗಿನ ಹೆಸರು. ಇಂಗ್ಲಿಷಿನ ಎನ್‌ಜೈಮ್ ಶಬ್ದವೂ "ಯೀಸ್ಟಿನೊಳಗೆ" ಎಂಬ ಗ್ರೀಕ್ ಅರ್ಥದಿಂದಲೇ ಬಂದದ್ದು. ಎರಡೂ ಭಾಷೆಗಳು ಒಂದೇ ಮಡಕೆಯಿಂದ ಶಬ್ದ ತೆಗೆದುಕೊಂಡಿವೆ.

ದೂರದ ಮಾತಾಯಿತು ಎನ್ನುವಿರಾದರೆ ನಮ್ಮ ಬೆಂಗಳೂರಿನ ಮಾತು ಕೇಳಿ. ಯುನೈಟೆಡ್ ಬ್ರೂವರೀಸ್‌ನಲ್ಲಿ ಮುಖ್ಯ ಬ್ರೂಮಾಸ್ಟರ್ ಆಗಿದ್ದ ರಸೇಂದ್ರ ಮಜುಂದಾರ್ ತಮ್ಮ ಮಗಳಿಗೆ ಈ ವಿದ್ಯೆಯನ್ನು ಓದು ಎಂದರು. ಹೆಣ್ಣುಮಗಳಿಗೆ ಇದೇಕೆ ಎನ್ನಲಿಲ್ಲ. ಆಕೆ ಆಸ್ಟ್ರೇಲಿಯಾದ ಬಲ್ಲಾರಟ್ ಕಾಲೇಜಿಗೆ ಹೋಗಿ, ಆ ತರಗತಿಯ ಏಕೈಕ ಹುಡುಗಿಯಾಗಿ ಓದಿ, 1975ರಲ್ಲಿ ಬ್ರೂಮಾಸ್ಟರ್ ಆಗಿ ಹಿಂತಿರುಗಿದರು. ಹೆಂಗಸೆಂಬ ಕಾರಣಕ್ಕೆ ಇಲ್ಲಿ ಆ ಕೆಲಸ ಕೊಡುವವರಿರಲಿಲ್ಲ. 1978ರಲ್ಲಿ ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ ಬಯೋಕಾನ್ ಶುರು ಮಾಡಿದರು. ಮೊದಲು ತಯಾರಿಸಿದ್ದು ಪಪ್ಪಾಯಿಯ ಪಪೇನ್ ಕಿಣ್ವ ಮತ್ತು ಮೀನಿನಿಂದ ತೆಗೆಯುವ ಐಸಿಂಗ್ಲಾಸ್. ಎರಡೂ ಬಿಯರನ್ನು ತಿಳಿಗೊಳಿಸುವುದಕ್ಕೆ ಬಳಕೆಯಾಗುವಂಥವು. ಅದೇ ಕಂಪನಿ 2004ರಲ್ಲಿ ಯೀಸ್ಟ್‌ನಿಂದಲೇ ಇನ್ಸುಲಿನ್ ತಯಾರಿಸಿ ಮಾರುಕಟ್ಟೆಗೆ ತಂದಿತು. ಆಕೆಯೇ ಕಿರಣ್ ಮಜುಂದಾರ್ ಶಾ. ಯೀಸ್ಟ್ ಎಂಬ ಜೀವಿಗೆ ನೀತಿ-ಅನೀತಿ ತಿಳಿಯದು. ಒಂದು ಮಡಕೆಯಲ್ಲಿ ಮದ್ಯ ಕೊಟ್ಟರೆ ಇನ್ನೊಂದರಲ್ಲಿ ಸಕ್ಕರೆ ಕಾಯಿಲೆಯವರಿಗೆ ಔಷಧ ಕೊಡುತ್ತದೆ.

ಇಷ್ಟು ಹೇಳಿ ನಿಲ್ಲಿಸಿದರೆ ಆ ತಂದೆಗೆ ಅನ್ಯಾಯವಾಗುತ್ತದೆ. "ವಿಜ್ಞಾನ ಬಿಡ್ರಿ ಸರ, ನನ್ನ ತಮ್ಮ ಹೋದನಲ್ಲ" ಎಂದು ಅವರು ಕೇಳಿದರೆ ಏನು ಹೇಳಲಿ? ಅದಕ್ಕೂ ರಸಾಯನಶಾಸ್ತ್ರದಲ್ಲೇ ಉತ್ತರವಿದೆ, ಮಗ ಅದನ್ನು ತಿಳಿಯಲೇಬೇಕು.

ಯೀಸ್ಟ್ ಮದ್ಯಸಾರ ತಯಾರಿಸುವಾಗ ಕೊನೆಗಿಂತ ಒಂದು ಮೆಟ್ಟಿಲು ಮೊದಲು ಅಸಿಟಾಲ್ಡಿಹೈಡ್ ಎಂಬ ವಸ್ತು ಬರುತ್ತದೆ. ಅದನ್ನು ಯೀಸ್ಟ್ ಮದ್ಯಸಾರವಾಗಿ ಬದಲಿಸುತ್ತದೆ. ಮನುಷ್ಯ ಅದನ್ನು ಕುಡಿದಾಗ ನಮ್ಮ ಯಕೃತ್ತು ಅದೇ ಮೆಟ್ಟಿಲನ್ನು ಹಿಂದಕ್ಕೆ ಇಳಿಯುತ್ತದೆ: ಮದ್ಯಸಾರವನ್ನು ಮತ್ತೆ ಅಸಿಟಾಲ್ಡಿಹೈಡ್ ಮಾಡುತ್ತದೆ. ಇದು ಜೀವಕೋಶಗಳನ್ನು ಸುಡುವ ವಸ್ತು, ಕ್ಯಾನ್ಸರಿಗೂ ದಾರಿ. ಯಕೃತ್ತು ಇದನ್ನೂ ಮುಂದಕ್ಕೆ ಸಾಗಿಸಿ ನಿರಪಾಯಗೊಳಿಸುತ್ತದೆ, ಆದರೆ ನಿಧಾನವಾಗಿ. ಗಂಟೆಗೆ ಸುಮಾರು 7ರಿಂದ 10 ಗ್ರಾಂ ಮದ್ಯಸಾರ, ಅಷ್ಟೇ ಅದರ ಶಕ್ತಿ. ಶೇಕಡಾ 5ರ ಬಿಯರಿನ 650 ಮಿಲಿಲೀಟರ್ ಬಾಟಲಿಯೊಂದರಲ್ಲಿ ಸುಮಾರು 26 ಗ್ರಾಂ ಇರುತ್ತದೆ. ಲೆಕ್ಕ ನೀವೇ ಹಾಕಿ: ಒಂದು ಬಾಟಲಿಗೆ ಯಕೃತ್ತು ಮೂರು ತಾಸು ದುಡಿಯಬೇಕು. ಅದಕ್ಕೆ ಪುರುಸೊತ್ತೇ ಕೊಡದೆ ದಿನ ದಿನ, ವರ್ಷ ವರ್ಷ ಸುರಿದರೆ ಮೊದಲು ಕೊಬ್ಬು ತುಂಬುತ್ತದೆ, ಉರಿಯೂತವಾಗುತ್ತದೆ, ಕೊನೆಗೆ ಗಾಯದ ಕಲೆಯಂತೆ ಗಟ್ಟಿಯಾಗುತ್ತದೆ. ಆ ಕಾಕಾನಿಗೆ ಆದದ್ದು ಇದೇ.

"ಗೋಧಿಯದು, ಮನೆಯಲ್ಲಿ ಮಾಡಿದ್ದು, ಅಪಾಯವಿಲ್ಲ" ಎನ್ನುವವರಿದ್ದಾರೆ. 2011ರಿಂದೀಚೆಗೆ ಬೆಂಗಳೂರಿನಲ್ಲಿ ಗಿರಾಕಿಗಳ ಕಣ್ಣೆದುರೇ ಬಿಯರ್ ತಯಾರಿಸುವ ಹೋಟೆಲುಗಳು ಬಂದ ಮೇಲೆ ಈ ಮಾತು ಹೆಚ್ಚು ಕೇಳುತ್ತದೆ. ಯಕೃತ್ತಿಗೆ ಗೋಧಿ ಯಾವುದು, ಬೆಲ್ಲ ಯಾವುದು ತಿಳಿಯದು. ಅದಕ್ಕೆ ತಿಳಿಯುವುದು ಗ್ರಾಂ ಮಾತ್ರ. ಮದ್ಯಸಾರದ ವಿಷಯದಲ್ಲಿ ಸುರಕ್ಷಿತ ಎನ್ನಬಹುದಾದ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ.

ಇನ್ನೊಂದು ವಿಷವಿದೆ, ಅದನ್ನು ಇದರೊಡನೆ ಗೊಂದಲ ಮಾಡಿಕೊಳ್ಳಬಾರದು. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು ಮುನ್ನೂರಕ್ಕೂ ಹೆಚ್ಚು ಬಡವರು ಸತ್ತರು. ಅದು ಕಾಳು ಹುದುಗಿ ಬಂದ ಮದ್ಯಸಾರವಲ್ಲ. ಕಾರ್ಖಾನೆಯಲ್ಲಿ ಬಳಸುವ ಮೆಥನಾಲ್ ಬೆರೆತದ್ದು. ಅದು ದೇಹದೊಳಗೆ ಫಾರ್ಮಿಕ್ ಆಮ್ಲವಾಗಿ ಮೊದಲು ಕಣ್ಣು ತೆಗೆಯುತ್ತದೆ, ಆಮೇಲೆ ಪ್ರಾಣ. ಮೆಥನಾಲ್ ಒಂದೇ ರಾತ್ರಿಯಲ್ಲಿ ಕೊಲ್ಲುತ್ತದೆ, ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. ಮಾಮೂಲಿ ಮದ್ಯ ಹದಿನೈದು ವರ್ಷ ತೆಗೆದುಕೊಳ್ಳುತ್ತದೆ, ಮನೆಯೊಳಗೇ ಮುಗಿಯುತ್ತದೆ. ನಮ್ಮ ರಾಜ್ಯದಲ್ಲಿ 2007ರ ಜುಲೈ ಒಂದರಿಂದ ಸಾರಾಯಿ ನಿಷೇಧವಾಯಿತು. ಸಾರಾಯಿ ಅಂಗಡಿ ಹೋಯಿತು, ಕುಡಿತ ಹೋಗಲಿಲ್ಲ ಎಂಬುದನ್ನು ಆ ತಂದೆಗೆ ನಾನು ಹೇಳಬೇಕಾಗಿಲ್ಲ.

ಹಾಗಾದರೆ ಈ ಪೊಟ್ಟಣಗಳನ್ನು ಏನು ಮಾಡಬೇಕು? ಕಾನೂನಿನ ಮಾತು ಮೊದಲು. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಜೈಲೂ ಉಂಟು, ದಂಡವೂ ಉಂಟು. ಮನೆಯಲ್ಲಿ ಬಿಯರ್ ಮಾಡಿಕೊಳ್ಳಲು ಬ್ರಿಟನ್ನಿನಲ್ಲಿ 1963ರಲ್ಲಿ, ಅಮೆರಿಕದಲ್ಲಿ 1978ರ ಕಾಯ್ದೆಯಿಂದ ದಾರಿಯಾಯಿತು. ಕೌಟಿಲ್ಯನೂ ಶುಭಕಾರ್ಯಗಳಲ್ಲಿ ಗೃಹಸ್ಥರು ಬಿಳಿ ಸುರೆ ಮಾಡಿಕೊಳ್ಳಬಹುದೆಂದು ಬರೆದಿದ್ದ. ಆದರೆ ನಾವಿರುವುದು ಅಳ್ನಾವರದಲ್ಲಿ, ಇಂದಿನ ಕಾನೂನಿನಲ್ಲಿ. ಬೆಂಗಳೂರಿನ ಸಂಬಂಧಿಕ ಹುಡುಗನಿಗೂ ಇದು ಗೊತ್ತಿರಲಿ. ಯೀಸ್ಟ್ ಬಿದ್ದ ಬಾಟಲಿಯ ಬಾಯಿ ಬಿಗಿದರೆ ಒಳಗಿನ ಅನಿಲದ ಒತ್ತಡಕ್ಕೆ ಅದು ಬಾಂಬಿನಂತೆ ಸಿಡಿಯಬಹುದು ಎಂಬುದೂ ಗೊತ್ತಿರಲಿ.

ಆದ್ದರಿಂದ ನನ್ನ ಸಲಹೆ ಇದು. ಮೊದಲನೆಯ ಪೊಟ್ಟಣದ ಪ್ರಯೋಗವನ್ನು ಪೂರ್ತಿ ಮಾಡು. ಅಡಿಗೆಮನೆಯಲ್ಲೇ, ಅಪ್ಪನ ಎದುರಿಗೇ ಮಾಡು. ಅಯೋಡಿನ್ ಬಣ್ಣ ಬದಲಾಗುವುದನ್ನು ಅವರಿಗೂ ತೋರಿಸು. ಸಿಹಿ ನೀರನ್ನು ಸೋಸಿ, ಅದರಲ್ಲೇ ಗೋಧಿ ಹಿಟ್ಟು ಕಲಸಿ, ಬೆಳ್ಳಿ ಚೀಟಿಯ ಯೀಸ್ಟನ್ನು ಆ ಹಿಟ್ಟಿಗೆ ಹಾಕು. ಎರಡು-ಮೂರು ತಾಸಿನಲ್ಲಿ ಹಿಟ್ಟು ಉಬ್ಬುತ್ತದೆ. ಆ 88 ಗ್ರಾಮಿನ ಅನಿಲ ಉಬ್ಬಿಸುವುದು, 92 ಗ್ರಾಮಿನ ಮದ್ಯಸಾರ ಬೇಯುವಾಗ ಬಹುಪಾಲು ಹಾರಿಹೋಗುವುದು. ಉಳಿಯುವುದು ರೊಟ್ಟಿ. ಈಜಿಪ್ಟಿನವರೂ ಒಂದು ಗೋಧಿಯಿಂದ ಎರಡನ್ನೂ ಮಾಡಿದರು. ನೀನು ಒಂದನ್ನು ಆರಿಸಿಕೊ. ಪ್ರಶ್ನೆ ಉಳಿದಿದ್ದರೆ ಸೂಕ್ಷ್ಮಜೀವಿಶಾಸ್ತ್ರ ಓದು, ಆಹಾರ ತಂತ್ರಜ್ಞಾನ ಓದು. ಧಾರವಾಡ ನಿನಗೆ ದೂರವಲ್ಲ.

ಇನ್ನು ಪಾಲಕರಿಗೆ ಒಂದು ಮಾತು. ಕುಡಿತದಿಂದ ನೊಂದ ಮನೆಗಳಲ್ಲಿ ಆ ಶಬ್ದವನ್ನೇ ಎತ್ತಬಾರದೆಂಬ ಒಂದು ಮೌನ ಇರುತ್ತದೆ. ನೋವಿನಿಂದ ಬಂದ ಮೌನ, ಅದನ್ನು ಹಳಿಯಲಾರೆ. ಆದರೆ ಮಕ್ಕಳು ಅದನ್ನು ಬೇರೆಯೇ ರೀತಿ ಓದಿಕೊಳ್ಳುತ್ತಾರೆ. ಮನೆಯಲ್ಲಿ ಕೇಳಲಾಗದ್ದನ್ನು ಗೆಳೆಯನ ಹತ್ತಿರ ಕೇಳುತ್ತಾರೆ. ಗೆಳೆಯ ಉತ್ತರ ಹೇಳುವುದಿಲ್ಲ, ಲೋಟ ಕೊಡುತ್ತಾನೆ. ಈ ಹುಡುಗ ಲೋಟದ ಹತ್ತಿರ ಹೋಗದೆ ಪೊಟ್ಟಣದ ಹತ್ತಿರ ಹೋದ. ಕಾಕಾನನ್ನು ಕೊಂದದ್ದು ಯಾವುದು, ಅದರ ಮುಖ ನೋಡಬೇಕು ಎಂದುಕೊಂಡ. ಟ್ರಂಕಿನಲ್ಲಿ ಅಡಗಿಸಿಟ್ಟದ್ದು ತಪ್ಪು. ಅಡಗಿಸಬೇಕಾಗಿ ಬಂದದ್ದರಲ್ಲಿ ದೊಡ್ಡವರದ್ದೂ ಸ್ವಲ್ಪ ಪಾಲಿದೆ.

ಈ ಬರಹದ ಕರಡನ್ನು ಮೊದಲು ಆ ತಂದೆಗೇ ಕಳಿಸಿ, ಅಚ್ಚು ಮಾಡಬಹುದೇ ಎಂದು ಕೇಳಿದೆ. ನಾಲ್ಕು ದಿನ ಬಿಟ್ಟು ಫೋನು ಬಂತು. "ಹೆಸರು ಹಾಕಬ್ಯಾಡ್ರಿ, ಉಳಿದದ್ದು ಹಾಕ್ರಿ" ಎಂದರು. ರೊಟ್ಟಿ ಮಾಡಿದ್ದರಂತೆ. ಒಂದು ಕಡೆ ಸೀದಿತ್ತು, ಇನ್ನೊಂದು ಕಡೆ ಹಸಿ ಇತ್ತು. ಆದರೂ ಮನೆಮಂದಿಯೆಲ್ಲ ಕೂತು ತಿಂದರಂತೆ; ಕಾಕು ಕೂಡ ಬಂದಿದ್ದರು. ಅಣ್ಣನ ಮಗ ಪಿಷ್ಟ, ಸಕ್ಕರೆ, ಯಕೃತ್ತು ಎಂದೆಲ್ಲ ಹೇಳಿದಾಗ ಆಕೆ, "ಇದನ್ನ ಯಾರೂ ಅವರಿಗೆ ಹಿಂಗ ಬಿಡಿಸಿ ಹೇಳಲೇ ಇಲ್ಲಲ್ಲ" ಎಂದಷ್ಟೇ ಅಂದರಂತೆ.

ಫೋನಿಡುವ ಮುನ್ನ ತಂದೆ ಕೇಳಿದರು: "ಆ ಹಸರ ಪೊಟ್ಟಣ ಇನ್ನೂ ಹಂಗ ಐತ್ರಿ ಸರ. ಅದನ್ನೇನ್ ಮಾಡೂನ್ರಿ?"

"ಒಂದು ಚಿಟಿಕೆ ನೀರಲ್ಲಿ ಕುದಿಸಿ, ತಣಿಸಿ, ನಾಲಿಗೆಗೆ ಹಚ್ಚಿ ನೋಡಿ" ಎಂದೆ.

ನೋಡಿದರಂತೆ. ಸಂಜೆ ಮತ್ತೆ ಫೋನು. "ಇದಕ್ಕಿಂತ ನಮ್ಮ ಯುಗಾದಿ ಬೇವ ಅಡ್ಡಿಯಿಲ್ರಿ!"